ಆಫೀಸ್ ಟೈಮ್ ಸ್ವಲ್ಪ ಸಡಿಲ ಆದರೆ: ಮಲೆನಾಡಿನ ನೌಕರರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಶಿವಮೊಗ್ಗದ ಒಂದು ಸಣ್ಣ ಆಫೀಸಿನಲ್ಲಿ ಹಾಜರಿ, ರಜೆ, ಸಂಬಳದ ಲೆಕ್ಕ ನೋಡಿಕೊಳ್ಳುತ್ತೇನೆ. ಹನ್ನೊಂದು ವರ್ಷ ಆಯಿತು. ನಾವು ಮೂವತ್ತು ಚಿಲ್ಲರೆ ಜನ ಇದ್ದೇವೆ. ನಾಲ್ಕು ವರ್ಷದ ಹಿಂದೆ ಬರುವ ಹೋಗುವ ಟೈಮನ್ನು ಸಡಿಲ ಮಾಡಿದೆವು. ಅವತ್ತಿನಿಂದ ನೆಂಟರು, ಪರಿಚಯದವರು, ಬಸ್ಸಿನಲ್ಲಿ ಪಕ್ಕ ಕೂತವರು ಕೇಳುವುದೆಲ್ಲ ಹೆಚ್ಚು ಕಮ್ಮಿ ಇದೇ ಪ್ರಶ್ನೆಗಳು. ಒಮ್ಮೆ ಬರೆದಿಡೋಣ ಅನ್ನಿಸಿತು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಟೈಮ್ ಸಡಿಲ ಆಗುವುದು ಒಳ್ಳೆಯದೇ. ಆದರೆ ಹಗ್ಗ ಯಾರ ಕೈಯಲ್ಲಿದೆ ನೋಡಿಕೊಳ್ಳಿ. ಮನೆಗೆ ಹೋಗುವ ಹೊತ್ತು ಕಾಗದದ ಮೇಲೆ ಇಲ್ಲದಿದ್ದರೆ ಆ ಸಡಿಲದ ಲಾಭ ಪೂರ್ತಿ ಆಫೀಸಿಗೇ ಹೋಗುತ್ತದೆ.

ಫ್ಲೆಕ್ಸಿ ಟೈಮ್ ಅಂದರೆ ಏನು? ಬೇಕಾದಾಗ ಬಂದು ಬೇಕಾದಾಗ ಹೋಗೋದಾ?

ಅಲ್ಲ. ದಿನಕ್ಕೆ ಇಷ್ಟು ಗಂಟೆ ಅನ್ನುವುದು ಹಾಗೇ ಇರುತ್ತದೆ. ಶುರು ಮಾಡುವ ಹೊತ್ತು, ಮುಗಿಸುವ ಹೊತ್ತು ಮಾತ್ರ ಆಚೆ ಈಚೆ ಆಗುತ್ತದೆ. ನಮ್ಮಲ್ಲಿ ಬೆಳಿಗ್ಗೆ ಎಂಟರಿಂದ ಹನ್ನೊಂದರೊಳಗೆ ಯಾವಾಗ ಬೇಕಾದರೂ ಬರಬಹುದು. ಹನ್ನೊಂದರಿಂದ ಮೂರರವರೆಗೆ ಎಲ್ಲರೂ ಇರಲೇಬೇಕು. ಮೀಟಿಂಗ್, ಫೈಲು, ಜಗಳ, ರಾಜಿ ಎಲ್ಲ ಆ ನಾಲ್ಕು ಗಂಟೆಯಲ್ಲೇ. ಊಟದ ಒಂದು ಗಂಟೆ ಬಿಟ್ಟು ಎಂಟು ಗಂಟೆ ಕೆಲಸ ಆದರೆ ಹೊರಡಬಹುದು.

ಇದು ಕಂಪ್ಯೂಟರ್ ಕಾಲದಲ್ಲಿ ಹುಟ್ಟಿದ್ದು ಅಂತ ತುಂಬಾ ಜನ ತಿಳಿದಿದ್ದಾರೆ. ಜರ್ಮನಿಯ ಮ್ಯೂನಿಕ್ ಹತ್ತಿರದ ಒಂದು ವಿಮಾನ ಕಂಪನಿ 1967ರಲ್ಲೇ ಇದನ್ನು ಜಾರಿಗೆ ತಂದಿತ್ತು. ಎಲ್ಲರೂ ಒಂದೇ ಹೊತ್ತಿಗೆ ಹೊರಟು ರಸ್ತೆ ಕಟ್ಟಿಕೊಳ್ಳುತ್ತಿತ್ತು. ಗೇಟಿನ ಹತ್ತಿರ ಸಾಲು ಬೆಳೆಯುತ್ತಿತ್ತು. ಟೈಮ್ ಸಡಿಲ ಮಾಡಿದರು, ಸಾಲು ಕರಗಿತು. ಅಂದರೆ ಇದರ ಮೂಲ ರಸ್ತೆಯ ಕಷ್ಟ. ನಮಗೆ ಆ ಕಷ್ಟ ಬೇರೆ ರೂಪದಲ್ಲಿದೆ, ಅಷ್ಟೆ.

ವರ್ಕ್ ಫ್ರಂ ಹೋಮ್ ಅಂದರೂ ಇದೇನಾ?

ಬೇರೆ. ಅದು ಜಾಗದ ವಿಷಯ, ಇದು ಹೊತ್ತಿನ ವಿಷಯ. ಮನೆಯಲ್ಲಿ ಕೂತು ಒಂಬತ್ತರಿಂದ ಆರರವರೆಗೆ ಅಲುಗಾಡದೆ ಕೆಲಸ ಮಾಡುವವರಿದ್ದಾರೆ. ಆಫೀಸಿಗೇ ಬಂದರೂ ತಮಗೆ ಬೇಕಾದ ಹೊತ್ತಿಗೆ ಬರುವವರಿದ್ದಾರೆ. ಎರಡೂ ಒಟ್ಟಿಗೆ ಸಿಕ್ಕರೆ ಅದೃಷ್ಟ.

ನಮ್ಮ ಕಡೆಯವರಿಗೆ ಇದರಿಂದ ಆಗುವ ದೊಡ್ಡ ಲಾಭ ಯಾವುದು?

ಬಸ್ಸು. ಇದನ್ನು ಬೆಂಗಳೂರಿನವರಿಗೆ ಅರ್ಥ ಮಾಡಿಸುವುದು ಕಷ್ಟ. ಅಲ್ಲಿ ಒಂದು ಬಸ್ಸು ತಪ್ಪಿದರೆ ಇನ್ನೊಂದು. ನಮ್ಮಲ್ಲಿ ಒಂದು ತಪ್ಪಿದರೆ ಅರ್ಧ ದಿನ ಹೋಯಿತು.

ನಮ್ಮ ಆಫೀಸಿನ ಒಬ್ಬ ಹುಡುಗಿ ಮಂಡಗದ್ದೆ ಕಡೆಯಿಂದ ಬರುತ್ತಾಳೆ. ಅವಳಿಗೆ ಬೆಳಿಗ್ಗೆ ಎರಡೇ ಬಸ್ಸು ಅನುಕೂಲ. ಮೊದಲನೆಯದರಲ್ಲಿ ಬಂದರೆ ಎಂಟಕ್ಕೆ ಮುಂಚೆ ಶಿವಮೊಗ್ಗ ಮುಟ್ಟುತ್ತಾಳೆ. ಎರಡನೆಯದರಲ್ಲಿ ಬಂದರೆ ಒಂಬತ್ತೂ ಇಪ್ಪತ್ತು. ಆಗ ನಮ್ಮ ಹಾಜರಿ ಒಂಬತ್ತಕ್ಕೆ. ಮೂರು ಸಲ ಲೇಟಾದರೆ ಅರ್ಧ ದಿನ ಸಿಎಲ್ (ಸಾಂದರ್ಭಿಕ ರಜೆ) ಕಟ್. ಹಾಗಾಗಿ ಅವಳು ಮೊದಲನೆಯ ಬಸ್ಸಿಗೇ ಬಂದು, ಬೀಗ ಹಾಕಿದ ಆಫೀಸಿನ ಮೆಟ್ಟಿಲ ಮೇಲೆ ಟಿಫಿನ್ ಚೀಲ ತೊಡೆ ಮೇಲಿಟ್ಟುಕೊಂಡು ಕೂರುತ್ತಿದ್ದಳು. ಜುಲೈ ತಿಂಗಳು. ಮಡಚಿಟ್ಟ ಕೊಡೆಯಿಂದ ನೀರು ಇಳಿದು ಒಂದೊಂದೇ ಮೆಟ್ಟಿಲು ದಾಟಿ ಕೆಳಗೆ ಹೋಗುತ್ತಿತ್ತು. ಒಂದು ದಿನ ನಾನು ಬೇಗ ಹೋದಾಗ ಅದನ್ನು ನೋಡಿದೆ. ದಿನಾ ಒಂದು ಗಂಟೆ ಹೀಗೆ ಕೂರ್ತೀಯಾ ಅಂದರೆ, 'ಹೌದು ಅಕ್ಕ, ಏನು ಮಾಡೋದು' ಅಂದಳು. ಟೈಮ್ ಸಡಿಲ ಮಾಡೋಣ ಅಂತ ನಾನು ಹಟ ಹಿಡಿದಿದ್ದು ಅವತ್ತು.

ಈಗ ಅವಳು ಎಂಟಕ್ಕೆ ಕೆಲಸ ಶುರು ಮಾಡಿ ಐದಕ್ಕೆ ಎದ್ದು ಹೊರಡುತ್ತಾಳೆ. ಬಸ್ಸಿಳಿದ ಮೇಲೆ ಮನೆಗೆ ಒಂದೂವರೆ ಕಿಲೋಮೀಟರ್ ಕಾಡಂಚಿನ ದಾರಿ. ಮಳೆಗಾಲದಲ್ಲಿ ಅಲ್ಲಿ ಆರೂವರೆಗೆಲ್ಲ ಕತ್ತಲೆ. ಬೆಳಕಿರುವಾಗಲೇ ಮನೆ ಸೇರುವುದು ಅವಳ ಅಮ್ಮನಿಗೆ ಎಷ್ಟು ದೊಡ್ಡ ಸಮಾಧಾನ ಅಂತ ಯಾವ ಹಾಜರಿ ಪುಸ್ತಕದಲ್ಲೂ ಕಾಣುವುದಿಲ್ಲ.

2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ. ಆದರೆ ನಮ್ಮ ತೀರ್ಥಹಳ್ಳಿ, ಹೊಸನಗರದ ಒಳದಾರಿಗಳಲ್ಲಿ ಓಡುವುದು ಬಹುಪಾಲು ಪ್ರೈವೇಟ್ ಬಸ್ಸುಗಳೇ. ಅವುಗಳ ಟೈಮ್ ಪ್ರಕಾರವೇ ನಮ್ಮ ಬದುಕು. ಶರಾವತಿ ಹಿನ್ನೀರಿನಾಚೆಯ ತುಮರಿ ಕಡೆಯವರನ್ನು ಕೇಳಿ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಆಗುವವರೆಗೆ ಅವರ ದಿನ ಶುರುವಾಗುತ್ತಿದ್ದುದೂ ಮುಗಿಯುತ್ತಿದ್ದುದೂ ಲಾಂಚಿನ ಜೊತೆಗೇ.

ನಮಗೆ ಅಡಿಕೆ ತೋಟ ಇದೆ. ಫ್ಲೆಕ್ಸಿ ಟೈಮ್ ಸಿಕ್ಕರೆ ತೋಟ, ಕೆಲಸ ಎರಡೂ ನಿಭಾಯಿಸಬಹುದಾ?

ಔಷಧಿ ಹೊಡೆಯುವ ಕಾಲದಲ್ಲಿ ಹೌದು. ಕೊಯ್ಲಿನ ಕಾಲದಲ್ಲಿ ಬೇಡ.

ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಬೇಕಾದರೆ ಮಳೆ ಹೊಳವಾಗಬೇಕು, ಅಂದರೆ ಸ್ವಲ್ಪ ಬಿಡುವು ಕೊಡಬೇಕು. ಹೊಳವು ಯಾವಾಗ ಸಿಗುತ್ತದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ರಜೆ ಅರ್ಜಿಯನ್ನು ಮೂರು ದಿನ ಮುಂಚೆ ಕೊಡಬೇಕು ಅಂದರೆ ಆಕಾಶ ಕೇಳುತ್ತಾ? ನಮ್ಮ ಒಬ್ಬ ಸಹೋದ್ಯೋಗಿ ಅಂಥ ಬೆಳಿಗ್ಗೆ ಆರಕ್ಕೇ ಮೆಸೇಜ್ ಹಾಕುತ್ತಾರೆ: 'ಇವತ್ತು ಹನ್ನೊಂದಕ್ಕೆ ಬರ್ತೀನಿ ಮೇಡಂ.' ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮದ್ದು ಕಲಸಿಕೊಟ್ಟು, ಹೊಡೆಯುವವರನ್ನು ಮರ ಹತ್ತಿಸಿ, ಹನ್ನೊಂದಕ್ಕೆ ಸರಿಯಾಗಿ ಸೀಟಿನಲ್ಲಿರುತ್ತಾರೆ. ಉಗುರಿನ ಸಂದಿಯಲ್ಲಿ ನೀಲಿ ಬಣ್ಣ ಇನ್ನೂ ಇರುತ್ತದೆ. ಒಂದು ದಿನದ ರಜೆ ಉಳಿಯಿತು, ಆಫೀಸಿನ ಕೆಲಸವೂ ನಿಲ್ಲಲಿಲ್ಲ. ಫ್ಲೆಕ್ಸಿ ಟೈಮ್ ಇರುವುದೇ ಇಂಥದಕ್ಕೆ.

ಕೊಯ್ಲು ಹಾಗಲ್ಲ. ಅಡಿಕೆ ಕೊನೆ (ಗೊನೆ) ಇಳಿಸಿದ ಮೇಲೆ ಸುಲಿಯಬೇಕು, ಬೇಯಿಸಬೇಕು, ಹರವಬೇಕು. ಹಸಿ ಅಡಿಕೆ ನಾಳೆ ನೋಡೋಣ ಅನ್ನುವುದಕ್ಕೆ ಬಿಡುವುದಿಲ್ಲ. ನಮ್ಮ ಯಜಮಾನರ ಮನೆ ತೋಟ ತೀರ್ಥಹಳ್ಳಿ ಹತ್ತಿರ. ಫ್ಲೆಕ್ಸಿ ಟೈಮ್ ಬಂದ ಮೊದಲ ವರ್ಷ ನಾನೂ ಎರಡನ್ನೂ ಮಾಡಿಬಿಡುತ್ತೇನೆ ಅಂದುಕೊಂಡೆ. ಆಫೀಸಿನಿಂದ ಮನೆಯಲ್ಲೇ ಕೆಲಸಕ್ಕೂ ಒಪ್ಪಿಗೆ ಪಡೆದು ಊರಲ್ಲೇ ಕೂತೆ. ಬೆಳಿಗ್ಗೆ ಏಳರಿಂದ ನಾಲ್ಕರವರೆಗೆ ಲ್ಯಾಪ್‌ಟಾಪ್. ಆಮೇಲೆ ಅಡಿಕೆ ಸುಲಿಯುವ ಮೆಟ್ಟುಗತ್ತಿ. ರಾತ್ರಿ ಹನ್ನೊಂದರವರೆಗೆ ಸುಲಿತ. ಎರಡು ವಾರ ಚೆನ್ನಾಗಿಯೇ ನಡೆಯಿತು. ಮೂರನೇ ವಾರ ಸಂಬಳದ ಶೀಟಿನಲ್ಲಿ ಒಬ್ಬರ ಓಟಿ (ಹೆಚ್ಚುವರಿ ಕೆಲಸ) 26 ಗಂಟೆ ಇದ್ದದ್ದನ್ನು 62 ಅಂತ ಹಾಕಿದ್ದೆ. ಬೆರಳಿನಲ್ಲಿ ಕಲೆ, ಕಣ್ಣಲ್ಲಿ ನಿದ್ದೆ. ಆ ವರ್ಷದಿಂದ ಕೊಯ್ಲಿಗೆ ಗಳಿಕೆ ರಜೆಯನ್ನೇ ಹಾಕುತ್ತೇನೆ. ಹೊತ್ತನ್ನು ಆಚೆ ಈಚೆ ಸರಿಸಬಹುದು. ದಿನದಲ್ಲಿ ಇಪ್ಪತ್ತೈದನೇ ಗಂಟೆ ಹುಟ್ಟಿಸಲು ಆಗುವುದಿಲ್ಲ.

ಹೆಂಗಸರಿಗೆ ಇದು ತುಂಬಾ ಅನುಕೂಲ ಅಲ್ವಾ?

ಅನುಕೂಲ ಇದೆ. ಮಗುವನ್ನು ಶಾಲೆಗೆ ಬಿಟ್ಟು ಬರಬಹುದು. ಅತ್ತೆಯವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬಹುದು. ಜೋರು ಮಳೆಗೆ ಡಿಸಿಯವರು ಬೆಳಿಗ್ಗೆ ಶಾಲೆಗೆ ರಜೆ ಕೊಟ್ಟರೆ ಎದೆ ಧಸಕ್ ಅನ್ನುವುದಿಲ್ಲ.

ಆದರೆ ಒಂದು ಮಾತು. 'ನಿನಗೆ ಹೇಗೂ ಫ್ಲೆಕ್ಸಿ ಅಲ್ವಾ' ಅನ್ನುವ ವಾಕ್ಯ ಮನೆಯೊಳಗೆ ಒಮ್ಮೆ ಹೊಕ್ಕರೆ ಹೊರಗೆ ಹೋಗುವುದಿಲ್ಲ. ಗ್ಯಾಸ್ ಬರುವುದು, ಪ್ಲಂಬರ್ ಬರುವುದು, ನೆಂಟರು ಬರುವುದು ಎಲ್ಲ ಅವಳ ಲೆಕ್ಕಕ್ಕೆ. ಗಂಡನಿಗೂ ಅದೇ ಸೌಲಭ್ಯ ಇದ್ದರೂ ಅವನ ಹೊತ್ತು ಗಟ್ಟಿ, ಇವಳದ್ದು ಮಾತ್ರ ಹಿಗ್ಗುವ ಹೊತ್ತು. ಕೊನೆಗೆ ಅವಳು ಆಫೀಸ್ ಕೆಲಸ ಶುರು ಮಾಡುವುದು ಎಲ್ಲರೂ ಮಲಗಿದ ಮೇಲೆ. ನಮ್ಮಲ್ಲೇ ಇಬ್ಬರು ಇದರಿಂದ ಬೇಸತ್ತು ಹಳೆಯ ಒಂಬತ್ತು–ಆರಕ್ಕೆ ವಾಪಸ್ ಬಂದರು. ತಪ್ಪು ಅವರದ್ದಲ್ಲ. ಈ ಸೌಲಭ್ಯವನ್ನು ಗಂಡಸರೂ ಕೇಳಿ ಪಡೆಯಬೇಕು, ಮನೆಗೆಲಸಕ್ಕೆ ಬಳಸಬೇಕು. ಹಾಗಾಗದೆ ಇದು ಹೆಂಗಸರಿಗೆ ಪೂರ್ತಿ ಅನುಕೂಲ ಅಂತ ನಾನು ಒಪ್ಪುವುದಿಲ್ಲ.

ಬಾಣಂತನದ ವಿಷಯ ಬೇರೆ. 2017ರ ತಿದ್ದುಪಡಿಯಿಂದ ಮೊದಲ ಎರಡು ಹೆರಿಗೆಗೆ 26 ವಾರ ಸಂಬಳ ಸಹಿತ ರಜೆ ಬಂತು. ರಜೆ ಮುಗಿದ ಮೇಲೆ ಕೆಲಸದ ಸ್ವರೂಪ ಒಗ್ಗಿದರೆ, ಮಾಲೀಕರು ಮತ್ತು ತಾಯಿ ಇಬ್ಬರೂ ಒಪ್ಪಿದರೆ, ಮನೆಯಿಂದ ಕೆಲಸ ಮಾಡಲು ಅವಕಾಶವನ್ನೂ ಅದು ಕೊಟ್ಟಿತು. ಆ ಅವಕಾಶ ಇದೆ ಅನ್ನುವುದೇ ತುಂಬಾ ಜನರಿಗೆ ಗೊತ್ತಿಲ್ಲ. ಬಾಯಿಬಿಟ್ಟು ಕೇಳಿ.

ಕೆಲಸ ಮುಗಿಯೋದೇ ಇಲ್ಲ ಅಂತಾರಲ್ಲ, ನಿಜವಾ?

ನಿಜ. ನಾನೇ ಅನುಭವಿಸಿದ್ದೇನೆ.

ಶಿವಮೊಗ್ಗಕ್ಕೆ ಬರುವ ಮುಂಚೆ ಬೇರೆ ಊರಿನ ಒಂದು ಕಂಪನಿಯಲ್ಲಿದ್ದೆ. ಸೇರುವಾಗ 'ನಮ್ಮಲ್ಲಿ ಟೈಮ್ ಫ್ಲೆಕ್ಸಿಬಲ್' ಅಂದಿದ್ದರು. ಎಷ್ಟು ಗಂಟೆಗೆ ಮುಗಿಯುತ್ತದೆ ಅಂತ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ತಟ್ಟೆ ಮುಂದೆ ಕೂತಾಗ ಫೋನ್. ಮಗುವನ್ನು ಮಲಗಿಸುವಾಗ ಫೋನ್. ಒಂದು ತಿಂಗಳು ಕ್ಯಾಲೆಂಡರಿನಲ್ಲಿ ಪೆನ್ಸಿಲ್‌ನಿಂದ ಚುಕ್ಕೆ ಇಟ್ಟೆ. ರಾತ್ರಿ ಹತ್ತರ ಮೇಲೆ ಕೆಲಸದ ಫೋನ್ ಬಂದ ದಿನಕ್ಕೆ ಒಂದು ಚುಕ್ಕೆ. ತಿಂಗಳ ಕೊನೆಗೆ ಎಣಿಸಿದರೆ ಹದಿನೇಳು. ಬೆಳಿಗ್ಗೆ ಮಾತ್ರ ಹತ್ತು ನಿಮಿಷ ತಡವಾದರೂ ಮುಖ ಗಂಟು ಹಾಕುತ್ತಿದ್ದರು. ಆ ಕ್ಯಾಲೆಂಡರಿನ ಹಾಳೆ ಈಗಲೂ ನನ್ನ ಹತ್ತಿರ ಇದೆ.

ಇದು ಬರೀ ಬೇಸರದ ಮಾತಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸೇರಿ 2021ರಲ್ಲಿ ಒಂದು ಲೆಕ್ಕ ಕೊಟ್ಟವು. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ, 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯು ಬರುವ ಅಪಾಯ ಸುಮಾರು 35 ಶೇಕಡಾ ಜಾಸ್ತಿ. ಹೃದಯದ ಕಾಯಿಲೆಯಿಂದ ಸಾಯುವ ಅಪಾಯ 17 ಶೇಕಡಾ ಜಾಸ್ತಿ. ಅಲ್ಲೊಂದು ಇಲ್ಲೊಂದು ಗಂಟೆ ಅಂತ ಹಂಚಿಹೋದ ಕೆಲಸವನ್ನು ಯಾರೂ ಕೂಡಿಸಿ ನೋಡುವುದಿಲ್ಲ. ನೀವು ಕೂಡಿಸಿ. ಒಂದೇ ಒಂದು ವಾರ ಬರೆದಿಡಿ ಸಾಕು.

ಕಾನೂನು ಏನು ಹೇಳುತ್ತದೆ?

ಅಂಗಡಿ, ಪ್ರೈವೇಟ್ ಆಫೀಸುಗಳಿಗೆ ನಮ್ಮ ರಾಜ್ಯದಲ್ಲಿ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಇದೆ. ಅದರ ಪ್ರಕಾರ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ಅದನ್ನು ದಾಟಿದರೆ ಓಟಿಗೆ ಎರಡು ಪಟ್ಟು ಸಂಬಳ. ಐದು ಗಂಟೆ ಒಂದೇ ಸಮ ದುಡಿದರೆ ಒಂದು ಗಂಟೆ ಬಿಡುವು. ವಾರಕ್ಕೆ ಒಂದು ದಿನ ರಜೆ. ಮ್ಯಾನೇಜ್‌ಮೆಂಟ್ ಹುದ್ದೆಯಲ್ಲಿರುವವರಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಸುಮ್ನೆ 'ಎಕ್ಸಿಕ್ಯುಟಿವ್' ಅಂತ ಹೆಸರು ಕೊಟ್ಟ ಮಾತ್ರಕ್ಕೆ ನೀವು ಮ್ಯಾನೇಜ್‌ಮೆಂಟ್ ಆಗುವುದಿಲ್ಲ. ನಿಮ್ಮ ಕೈಕೆಳಗೆ ಯಾರಿದ್ದಾರೆ, ನೀವು ಏನು ತೀರ್ಮಾನ ಮಾಡುತ್ತೀರಿ ಅನ್ನುವುದು ಮುಖ್ಯ.

ಆಫೀಸಿನಲ್ಲಿ ಫ್ಲೆಕ್ಸಿ ಟೈಮ್ ಇದ್ದ ಮಾತ್ರಕ್ಕೆ ಈ ಲೆಕ್ಕ ಬದಲಾಗುವುದಿಲ್ಲ. ಇದನ್ನು ಮಾತ್ರ ಮರೆಯಬೇಡಿ. ಎಂಟಕ್ಕೆ ಬಂದವರನ್ನು 'ಎಲ್ಲರೂ ಇದ್ದಾರಲ್ಲ' ಅಂತ ಏಳರವರೆಗೆ ಕೂರಿಸಿದರೆ ಅದು ಓಟಿಯೇ.

ಮಳೆಗಾಲದಲ್ಲಿ ಕರೆಂಟ್, ನೆಟ್ ಹೋದರೆ ಆ ಗಂಟೆ ಯಾರ ಲೆಕ್ಕಕ್ಕೆ?

ಮನೆಯಿಂದ ಕೆಲಸ ಮಾಡುವವರು ಮೊದಲ ದಿನವೇ ಕೇಳಬೇಕಾದ ಪ್ರಶ್ನೆ ಇದು. ಲೈನಿನ ಮೇಲೆ ಮರ ಬಿದ್ದರೆ ಮೆಸ್ಕಾಂನವರು ಬರುವಷ್ಟರಲ್ಲಿ ಎರಡು ದಿನ ಆಗಬಹುದು. ಇನ್ವರ್ಟರ್ ಎಷ್ಟು ಹೊತ್ತು ಎಳೆಯುತ್ತದೆ? ಟವರಿನ ಬ್ಯಾಟರಿಯೂ ಮುಗಿದರೆ ಫೋನೂ ಇಲ್ಲ. ಹೋದ ವರ್ಷ ಆಗಸ್ಟ್‌ನಲ್ಲಿ ಒಂದು ಫೈಲು ಕಳಿಸಲು ನಮ್ಮ ಮನೆ ಹಿಂದಿನ ಗುಡ್ಡ ಹತ್ತಿದ್ದೆ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಫೋನು, ಕಾಲಿಗೆ ಇಂಬಳ (ಜಿಗಣೆ). ಒಂದು ಗೆರೆ ಸಿಗ್ನಲ್ ಬಂದ ಕಡೆ ಇಪ್ಪತ್ತು ನಿಮಿಷ ಅಲುಗಾಡದೆ ನಿಂತಿದ್ದೆ.

ನಮ್ಮ ಆಫೀಸಿನ ಪದ್ಧತಿ ಹೀಗಿದೆ: ಕರೆಂಟ್ ಹೋಯಿತು ಅಂತ ಒಂದು ಮೆಸೇಜ್ ಮುಟ್ಟಿಸಬೇಕು, ಕಷ್ಟವಾದರೆ ಪಕ್ಕದ ಊರಿನಿಂದಾದರೂ. ಆ ದಿನ ಹೋದ ಹೊತ್ತಿನಲ್ಲಿ ಹೆಚ್ಚೆಂದರೆ ನಾಲ್ಕು ತಾಸು ಆಫೀಸಿನ ಲೆಕ್ಕ. ಉಳಿದದ್ದನ್ನು ಅದೇ ತಿಂಗಳಲ್ಲಿ ತುಂಬಿಕೊಡಬೇಕು. ಆದರೆ ರಾತ್ರಿ ಕೂತು ತುಂಬುವ ಹಾಗಿಲ್ಲ. ಇದೇ ಸರಿ ಅಂತ ಅಲ್ಲ. ಯಾವುದಾದರೂ ಒಂದು ಪದ್ಧತಿ ಮೇ ತಿಂಗಳು ಮುಗಿಯುವುದರೊಳಗೆ ಬರೆದಿಟ್ಟಿರಬೇಕು. ಜುಲೈನಲ್ಲಿ ಶುರು ಮಾಡಿದರೆ ಜಗಳ ಗ್ಯಾರಂಟಿ.

ಕಣ್ಣೆದುರು ಇಲ್ಲದಿದ್ದರೆ ಪ್ರಮೋಷನ್ ತಪ್ಪುತ್ತದಾ?

ತಪ್ಪುವ ಸಾಧ್ಯತೆ ಇದೆ. ಚೀನಾದ ಒಂದು ದೊಡ್ಡ ಟ್ರಾವೆಲ್ ಕಂಪನಿಯ ಕಾಲ್ ಸೆಂಟರ್ ನೌಕರರ ಮೇಲೆ ಸ್ಟ್ಯಾನ್‌ಫರ್ಡ್‌ನ ಅರ್ಥಶಾಸ್ತ್ರಜ್ಞ ನಿಕೋಲಸ್ ಬ್ಲೂಮ್ ಮತ್ತು ಸಂಗಡಿಗರು ಒಂದು ಪ್ರಯೋಗ ಮಾಡಿದರು. ಅದರ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ವಾರಕ್ಕೆ ನಾಲ್ಕು ದಿನ ಮನೆಯಿಂದ ದುಡಿದವರ ಕೆಲಸ 13 ಶೇಕಡಾ ಹೆಚ್ಚಿತು. ಆದರೆ ಅಷ್ಟೇ ಚೆನ್ನಾಗಿ ಕೆಲಸ ಮಾಡಿದರೂ ಅವರಿಗೆ ಬಡ್ತಿ ಸಿಕ್ಕಿದ್ದು ಕಮ್ಮಿ. ಒಂಟಿತನ ಅಂತ ಎಷ್ಟೋ ಜನ ಆಫೀಸಿಗೆ ಮರಳಿದರು.

ಅದೇ ಕಂಪನಿಯಲ್ಲಿ ಆಮೇಲೆ 1,612 ಜನರ ಮೇಲೆ ಇನ್ನೊಂದು ಪ್ರಯೋಗ ನಡೆಯಿತು. ಈ ಸಲ ವಾರಕ್ಕೆ ಎರಡು ದಿನ ಮಾತ್ರ ಮನೆ, ಉಳಿದದ್ದು ಆಫೀಸು. 2024ರಲ್ಲಿ ಫಲಿತಾಂಶ ಬಂತು. ಕೆಲಸಕ್ಕಾಗಲಿ ಬಡ್ತಿಗಾಗಲಿ ಏಟು ಬೀಳಲಿಲ್ಲ. ಕೆಲಸ ಬಿಟ್ಟು ಹೋಗುವವರು ಮೂರನೇ ಒಂದು ಭಾಗ ಕಮ್ಮಿಯಾದರು. ಇವೆರಡನ್ನೂ ಒಟ್ಟಿಗೆ ನೋಡಿದ ಮೇಲೆ, ಪೂರ್ತಿ ಕಣ್ಮರೆಯಾಗುವುದಕ್ಕಿಂತ ವಾರದಲ್ಲಿ ಕೆಲವು ದಿನ ಮುಖ ತೋರಿಸುವುದು ಒಳ್ಳೆಯದು ಅನ್ನುವುದು ನನ್ನ ಸಲಹೆ.

ಅಮೆರಿಕದವರ ಹೊತ್ತಿಗೆ ಕೆಲಸ ಮಾಡುವುದೂ ಫ್ಲೆಕ್ಸಿಬಲ್ ತಾನೇ?

ಅಲ್ಲವೇ ಅಲ್ಲ. ನ್ಯೂಯಾರ್ಕಿನಲ್ಲಿ ಬೆಳಿಗ್ಗೆ ಒಂಬತ್ತು ಅಂದರೆ ನಮಗೆ ಸಂಜೆ ಆರೂವರೆ. ಚಳಿಗಾಲದಲ್ಲಿ ಏಳೂವರೆ. ಅದು ರಾತ್ರಿ ಪಾಳಿ. ಅದಕ್ಕೆ ರಾತ್ರಿ ಪಾಳಿಯ ಭತ್ಯೆ ಕೇಳಿ, ಮನೆಗೆ ಬಿಡುವ ವ್ಯಾನ್ ಕೇಳಿ. ಹೆಸರು ಚಂದ ಇದೆ ಅಂತ ಒಪ್ಪಬೇಡಿ.

ಅಂಗಡಿ, ಗಾರ್ಮೆಂಟ್ಸ್, ಆಸ್ಪತ್ರೆ ಕೆಲಸದವರಿಗೆ ಇದು ಸಾಧ್ಯವೇ ಇಲ್ವಾ?

ಗಂಟೆ ಗಂಟೆಗೆ ಸಡಿಲ ಮಾಡುವುದು ಕಷ್ಟ. ಲೈನಿನಲ್ಲಿ ಕಾಲರ್ ಹೊಲಿಯುವವರು ಬಾರದಿದ್ದರೆ ಮುಂದಿನವರ ಕೈ ಖಾಲಿ. ಕೌಂಟರಿನಲ್ಲಿ ಜನ ಇರಲೇಬೇಕು. ಆದರೆ ಪಾಳಿ ಅದಲು ಬದಲು ಮಾಡಿಕೊಳ್ಳಲು ಬಿಡಬಹುದಲ್ಲ? ನಮ್ಮ ಹಳ್ಳಿಗಳಲ್ಲಿ ಮುಯ್ಯಾಳು ಪದ್ಧತಿ ಇತ್ತು. ಇವತ್ತು ನಾವು ನಿಮ್ಮ ಗದ್ದೆಗೆ, ನಾಳೆ ನೀವು ನಮ್ಮ ಗದ್ದೆಗೆ. ಅದೇ ಲೆಕ್ಕ. ನನ್ನ ತಂಗಿ ನರ್ಸ್. ಅವರ ವಾರ್ಡಿನಲ್ಲಿ ಒಂದು ನೋಟ್ ಪುಸ್ತಕ ಇದೆ. ಯಾರು ಯಾರ ಪಾಳಿ ಹಿಡಿದರು ಅಂತ ಬರೆದು ಇಬ್ಬರೂ ಸಹಿ ಹಾಕುತ್ತಾರೆ. ಸಿಸ್ಟರ್ ಇನ್‌ಚಾರ್ಜ್ ಒಂದು ಟಿಕ್ ಹಾಕುತ್ತಾರೆ. ಅಷ್ಟರಿಂದಲೇ ಹಬ್ಬಕ್ಕೆ ಊರಿಗೆ ಹೋಗುವುದು ಸುಲಭವಾಗಿದೆ. ಇನ್ನೊಂದು ಬೇಡಿಕೆ ಇಡಬಹುದು: ಮುಂದಿನ ವಾರದ ಪಾಳಿ ಪಟ್ಟಿಯನ್ನು ಗುರುವಾರವೇ ಹಾಕಿ ಅಂತ. ಹೊತ್ತು ಬದಲಾಗದಿದ್ದರೂ ಮುಂಚೆ ಗೊತ್ತಾದರೆ ಅರ್ಧ ಕಷ್ಟ ಕಮ್ಮಿ.

ಸರ್ಕಾರಿ ನೌಕರರಿಗೆ?

ಇದರ ಮಾತೇ ಕಮ್ಮಿ. ಅಲ್ಲಿ ಬದಲಾದದ್ದು ಹೊತ್ತಲ್ಲ, ರಜೆಯ ಲೆಕ್ಕ. 2019ರಲ್ಲಿ ರಾಜ್ಯ ಸರ್ಕಾರ ಎರಡನೇ ಶನಿವಾರದ ಜೊತೆ ನಾಲ್ಕನೇ ಶನಿವಾರವನ್ನೂ ರಜೆ ಮಾಡಿತು. ಅದಕ್ಕೆ ಬದಲಾಗಿ ವರ್ಷದ ಸಾಂದರ್ಭಿಕ ರಜೆಯನ್ನು 15ರಿಂದ 10ಕ್ಕೆ ಇಳಿಸಿತು.

ಕಡಿಮೆ ಗಂಟೆ ಮಾಡಿ, ಸಂಬಳವೂ ಕಡಿಮೆ ಅಂತಿದ್ದಾರೆ. ಒಪ್ಪಲಾ?

ಗಂಟೆಗೆ ತಕ್ಕ ಹಾಗೆ ಸಂಬಳ ಇಳಿದರೆ ನ್ಯಾಯ. ಯೋಚಿಸಿ ಒಪ್ಪಬಹುದು. ಆದರೆ ಅದರ ಜೊತೆ 'ಇನ್ನು ಮೇಲೆ ನೀವು ಕನ್ಸಲ್ಟೆಂಟ್' ಅಂತ ಹೊಸ ಕಾಗದ ಕೊಟ್ಟರೆ ಪೆನ್ನು ಕೆಳಗಿಡಿ. ಇಪ್ಪತ್ತು ಅಥವಾ ಹೆಚ್ಚು ಜನ ಇರುವ ಕಡೆ ಪಿಎಫ್ ಇರಬೇಕು. ಕನ್ಸಲ್ಟೆಂಟ್ ಆದ ತಕ್ಷಣ ಪಿಎಫ್ ಇಲ್ಲ, ಗ್ರಾಚ್ಯುಟಿ ಇಲ್ಲ, ಸಂಬಳ ಸಹಿತ ರಜೆ ಇಲ್ಲ. ಎರಡು ಗಂಟೆ ಉಳಿಸಲು ಹೋಗಿ ಇಷ್ಟನ್ನೂ ಕಳೆದುಕೊಂಡವರನ್ನು ನೋಡಿದ್ದೇನೆ. ಗಂಟೆ ಕಡಿಮೆ ಮಾಡಿದರೂ ನೌಕರರಾಗಿಯೇ ಇರಿ.

ಮಾಲೀಕರ ಹತ್ತಿರ ಕೇಳೋದು ಹೇಗೆ? ಬಯ್ತಾರೆ ಅಂತ ಹೆದರಿಕೆ.

ನಿಮ್ಮ ಕಷ್ಟ ಹೇಳಿ, ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಅವರ ಕೆಲಸ ಹೇಗೆ ನಡೆಯುತ್ತದೆ ಅನ್ನುವುದನ್ನೂ ನೀವೇ ಹೇಳಿ. ಅವರಿಗಿರುವ ಭಯ ಒಂದೇ: ಗಿರಾಕಿ ಬಂದಾಗ ಸೀಟು ಖಾಲಿ ಇದ್ದರೆ? ಅದಕ್ಕೆ ಉತ್ತರ ಇಟ್ಟುಕೊಂಡು ಹೋಗಿ. ಅರ್ಧ ಪುಟದ ಒಂದು ಪತ್ರ ಸಾಕು. ನಮ್ಮ ಮಂಡಗದ್ದೆಯ ಹುಡುಗಿ ಬರೆದದ್ದು ಹೆಚ್ಚು ಕಮ್ಮಿ ಹೀಗಿತ್ತು:

'ಬಸ್ ಸಮಯದ ಕಾರಣದಿಂದ ಬೆಳಿಗ್ಗೆ 8ರಿಂದ ಸಂಜೆ 5ರವರೆಗೆ ಕೆಲಸ ಮಾಡಲು ಅನುಮತಿ ಕೋರುತ್ತೇನೆ. 5ರಿಂದ 6ರವರೆಗೆ ಬರುವ ಫೋನ್‌ಗಳನ್ನು ಪಕ್ಕದ ಸೀಟಿನವರು ನೋಡಿಕೊಳ್ಳಲು ಒಪ್ಪಿದ್ದಾರೆ. ಬೆಳಿಗ್ಗೆ 8ರಿಂದ 9ರವರೆಗೆ ಅವರ ಮೇಲ್‌ಗಳನ್ನು ನಾನು ನೋಡುತ್ತೇನೆ. 5ರ ನಂತರ ತುರ್ತು ಇದ್ದರೆ ಮಾತ್ರ ಫೋನ್ ಮಾಡಬೇಕಾಗಿ ವಿನಂತಿ. ಮೂರು ತಿಂಗಳ ನಂತರ ಇಬ್ಬರೂ ಕೂತು ನೋಡೋಣ.'

ಆ '5ರ ನಂತರ' ಅನ್ನುವ ಸಾಲು ಬರೆಯಲು ಅವಳು ಹಿಂಜರಿದಳು. ನಾನು ಬರೆಸಿದೆ. ಪತ್ರದ ಜೀವ ಇರುವುದೇ ಅಲ್ಲಿ. ಒಪ್ಪಿಗೆಯ ಸಹಿ ಬಿದ್ದ ಮೇಲೆ ಒಂದು ಜೆರಾಕ್ಸ್ ಮನೆಯಲ್ಲಿಟ್ಟುಕೊಳ್ಳಿ.

ಒಪ್ಪಿಕೊಂಡ ಮೇಲೆ ಸರಿಬರದಿದ್ದರೆ?

ವಾಪಸ್ ಬನ್ನಿ. ಹಾಗೆ ಬರಬಹುದು ಅನ್ನುವ ಒಂದು ಸಾಲೂ ಪತ್ರದಲ್ಲಿರಲಿ. ನಮ್ಮಲ್ಲಿ ವರ್ಷಕ್ಕೆ ಎರಡು ಸಲ, ಜೂನ್‌ನಲ್ಲಿ ಒಮ್ಮೆ, ಕೊಯ್ಲು ಶುರುವಾಗುವ ಮುಂಚೆ ಒಮ್ಮೆ, ಎಲ್ಲರೂ ತಮ್ಮ ಹೊತ್ತನ್ನು ಹೊಸದಾಗಿ ಬರೆದು ಕೊಡುತ್ತಾರೆ. ಆ ಪಟ್ಟಿ ನನ್ನ ಮೇಜಿನ ಹಿಂದಿನ ಗೋಡೆ ಮೇಲಿದೆ. ಪ್ರತಿ ಹೆಸರಿನ ಮುಂದೆ ಎರಡು ಅಂಕಿ. ಬರುವ ಹೊತ್ತು ನೀಲಿಯಲ್ಲಿ, ಹೋಗುವ ಹೊತ್ತು ಕೆಂಪಿನಲ್ಲಿ. ಕೆಂಪು ಹೊತ್ತು ದಾಟಿ ಯಾರಾದರೂ ಕೂತಿದ್ದರೆ ನಾನೇ ಹೋಗಿ ಎಬ್ಬಿಸುತ್ತೇನೆ.